ಹಳೆಯ ಕಾರು, ಅಮ್ಮನ ಬೆನ್ನು

ಕಳೆದ ವರ್ಷದ ಮೇ ತಿಂಗಳಲ್ಲಿ ಅಮ್ಮನನ್ನು ಸ್ಖಿಪೋಲ್ ವಿಮಾನ ನಿಲ್ದಾಣದಿಂದ ಗೌಡಾದಲ್ಲಿರುವ ನಮ್ಮ ಮನೆಗೆ ಕರೆತಂದೆ. (ಚೀಸಿನಿಂದ ಹೆಸರಾದ ಈ ಊರಿಗೂ ನಮ್ಮ ಕಡೆಯ ಗೌಡರಿಗೂ ಯಾವ ನಂಟೂ ಇಲ್ಲ, ಇಲ್ಲಿಯವರ ಬಾಯಲ್ಲಿ ಅದು ‘ಖೌಡಾ’.) ಹೆದ್ದಾರಿ ಮುಗಿಯುವವರೆಗೆ ಅವರು ಕಿಟಕಿಯಾಚೆಯ ಹಸುಗಳನ್ನು ನೋಡುತ್ತ ಸುಖವಾಗಿಯೇ ಕುಳಿತಿದ್ದರು. ತೊಂದರೆ ಆರಂಭವಾದದ್ದು ಕೊನೆಯ ಮೂರು ಕಿಲೋಮೀಟರಿನಲ್ಲಿ. ನಮ್ಮ ಬಡಾವಣೆಯನ್ನು ಹೊಕ್ಕ ಮೇಲೆ ಮನೆ ಬಾಗಿಲವರೆಗೆ ಒಂಬತ್ತು ರಸ್ತೆ ಉಬ್ಬುಗಳಿವೆ. ಮೊದಲನೆಯದಕ್ಕೆ ಅಮ್ಮ ‘ಅಯ್ಯೋ’ ಎಂದರು. ಮೂರನೆಯದಕ್ಕೆ ಬಾಗಿಲಿನ ಹಿಡಿಯನ್ನು ಎರಡೂ ಕೈಗಳಿಂದ ಹಿಡಿದರು. ಐದನೆಯದರ ಹೊತ್ತಿಗೆ, ‘ಅಲ್ಲ ಕಣೋ, ಇದು ಕಾರೋ, ಕಲ್ಲು ಹೇರೋ ಗಾಡಿಯೋ? ಎತ್ತಿ ಎತ್ತಿ ಕುಕ್ಕುತ್ತಲ್ಲ!’ ಎಂದರು. ಆಮೇಲೆ ಮಾತನಾಡಲಿಲ್ಲ. ಅದು ನನಗೆ ಹೆಚ್ಚು ಆತಂಕ ತಂದಿತು.

ಅಮ್ಮನಿಗೆ ಆಗ 78 ವರ್ಷ. ಹಿಂದಿನ ವರ್ಷ ಶಿವಮೊಗ್ಗದ ಮನೆಯ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೊದಲನೆಯ ಕಶೇರುಕ ಕುಸಿದಿತ್ತು. ಮೂಳೆ ಸವೆತ ಇರುವವರಲ್ಲಿ ಎದೆಯ ಭಾಗದ ಬೆನ್ನೆಲುಬು ಮುಗಿದು ಸೊಂಟದ ಭಾಗ ಆರಂಭವಾಗುವ ಆ ಸಂಧಿಯೇ ಹೆಚ್ಚಾಗಿ ಸೋಲುವುದು. ಮನೆಗೆ ಬಂದ ರಾತ್ರಿ ಬೆನ್ನು ನೋವು ಶುರುವಾಯಿತು. ಮೂರನೆಯ ದಿನವೂ ಕಡಿಮೆಯಾಗದಿದ್ದಾಗ ಎಕ್ಸ್-ರೇ ತೆಗೆಸಿದೆ. ಹೊಸ ಮುರಿತ ಇರಲಿಲ್ಲ. ಹಳೆಯ ಕಶೇರುಕ ಹಳೆಯ ಸ್ಥಿತಿಯಲ್ಲಿಯೇ ಇತ್ತು. ಆದರೆ ಆ ಮೂರು ದಿನ ನಾನು ಅನುಭವಿಸಿದ ಅಳುಕನ್ನು ಹೇಳದೆ ಇರಲಾರೆ. ರಸ್ತೆ ಉಬ್ಬಿನ ಮೇಲೆ ವಾಹನ ಎಗರಿದಾಗ ಬೆನ್ನೆಲುಬು ಮುರಿದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ, ಬಸ್ಸಿನ ಹಿಂದಿನ ಸಾಲಿನಲ್ಲಿ ಕುಳಿತವರಲ್ಲಿ ವಿಶೇಷವಾಗಿ. ಮೂವತ್ತು ವರ್ಷ ರೋಗಿಗಳಿಗೆ ಮೂಳೆಯ ಔಷಧ ಬರೆದುಕೊಟ್ಟವನು ಸ್ವಂತ ತಾಯಿಯನ್ನು ಎಂಥ ಗಾಡಿಯಲ್ಲಿ ಕೂರಿಸಿ ತಂದೆ ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಬೆನ್ನು ನೋವಿನ ಸುದ್ದಿ ಊರಿಗೆ ಮುಟ್ಟಿದ ಕೂಡಲೇ ಬಂಧುವರ್ಗದ ತೀರ್ಪು ದೂರವಾಣಿಯಲ್ಲಿ ಬಂತು. ‘ಡಾಕ್ಟ್ರು ಅನ್ನಿಸಿಕೊಂಡು ಇಪ್ಪತ್ತು ವರ್ಷದ ಕಾರು ಓಡಿಸ್ತೀರಲ್ಲ ಭಾವ, ನಮ್ಮ ಕೇರಿಯಲ್ಲೇ ಅಂಥ ಕಾರು ಈಗ ಯಾರ ಹತ್ತಿರವೂ ಇಲ್ಲ’ ಎಂದು ನನ್ನ ಹೆಂಡತಿಯ ತಮ್ಮ ನಕ್ಕರು. ಡೆಲ್ಫ್ಟ್ ವಿಶ್ವವಿದ್ಯಾಲಯಕ್ಕೆ ಓದಲು ಬರುವ ಸಿದ್ಧತೆಯಲ್ಲಿದ್ದ ಅಕ್ಕನ ಮಗ, ‘ಮಾವ, ಅಲ್ಲಿ ಹೊಸ ಕಾರು ಲೀಸಿಗೆ ಸಿಗುತ್ತಂತಲ್ಲ?’ ಎಂದು ಕೇಳಿದ. ಅವರಿಬ್ಬರಿಗೂ ಕೊಡಬೇಕಾದ ಉತ್ತರವೇ ಈ ಬರಹ. ಹಳೆಯ ಕಾರಿನಲ್ಲಿ ಸುಖವಾಗಿ ಓಡಾಡಬಹುದು. ಅದಕ್ಕೆ ಮಾಡಿಸಬೇಕಾದ ಕೆಲಸಕ್ಕೂ ‘ಅಪ್‌ಗ್ರೇಡ್’ ಎಂಬ ಹೆಸರಿನಲ್ಲಿ ಅಂಗಡಿಯವರು ಮಾರುವ ಸಾಮಾನಿಗೂ ಬಹಳ ಅಂತರವಿದೆ ಎಂಬುದು ನನ್ನ ಅಭಿಪ್ರಾಯ. ಇದನ್ನು ನಾನು ಕಲಿತದ್ದು ದುಡ್ಡು ಕಳೆದುಕೊಂಡು.

ಮೊದಲು ಇಲ್ಲಿಯ ರಸ್ತೆಗಳ ಬಗ್ಗೆ ಹೇಳಬೇಕು. ಯೂರೋಪಿನ ರಸ್ತೆಯೆಂದರೆ ಕನ್ನಡಿಯಂಥದ್ದು ಎಂಬ ಕಲ್ಪನೆ ನಮ್ಮಲ್ಲಿದೆ. ಹೆದ್ದಾರಿಗಳ ಮಟ್ಟಿಗೆ ಅದು ನಿಜ. ಊರೊಳಗಿನ ಕಥೆ ಬೇರೆ. ಬಡಾವಣೆಗಳ ಬೀದಿಗಳಿಗೆ ಡಾಂಬರಿನ ಬದಲು ಸುಟ್ಟ ಇಟ್ಟಿಗೆಯನ್ನೋ ಕಾಂಕ್ರೀಟ್ ಇಟ್ಟಿಗೆಯನ್ನೋ ಹಾಸಿರುತ್ತಾರೆ. ಪಶ್ಚಿಮ ನೆದರ್ಲೆಂಡ್ಸಿನ ಬಹುಭಾಗದಲ್ಲಿ ಕೆಳಗಿರುವುದು ಪೀಟ್ ಎಂಬ ಜವುಗುಮಣ್ಣು. ಶತಮಾನಗಳಿಂದ ನೀರನ್ನು ಬಸಿದು ಹೊರಹಾಕುತ್ತಿರುವುದರಿಂದ ಅದು ಕುಗ್ಗುತ್ತಲೇ ಇದೆ. ಮನೆಗಳೂ ಸೇತುವೆಗಳೂ ಆಳಕ್ಕೆ ಇಳಿಸಿದ ಕಂಬಗಳ ಮೇಲೆ ನಿಂತಿವೆ. ರಸ್ತೆ ಮಾತ್ರ ಮಣ್ಣಿನ ಜೊತೆ ಇಳಿಯುತ್ತದೆ. ಹೀಗಾಗಿ ಪ್ರತಿ ಸೇತುವೆಯ ಎರಡು ತುದಿಗಳಲ್ಲೂ ಒಂದು ಮೆಟ್ಟಿಲು ತಾನಾಗಿಯೇ ಮೂಡುತ್ತದೆ. ಗೌಡಾ ಈ ಕುಸಿತಕ್ಕೆ ಹೆಸರಾದ ಊರು. ಕಾಲುವೆಗೊಂದು ಸೇತುವೆ ಇರುವ ಈ ನಾಡಿನಲ್ಲಿ ಇಂಥ ಮೆಟ್ಟಿಲುಗಳ ಲೆಕ್ಕ ಯಾರಿಡುತ್ತಾರೆ!

ಇದರ ಮೇಲೆ ಮನುಷ್ಯರೇ ಕಟ್ಟಿದ ಉಬ್ಬುಗಳು. ಡಚ್ಚರು ಇದನ್ನು ‘ಡ್ರೆಂಪೆಲ್’ ಎನ್ನುತ್ತಾರೆ. ಆ ಪದದ ಮೂಲಾರ್ಥ ಹೊಸ್ತಿಲು. ಅಮ್ಮನಿಗೆ ಇದನ್ನು ಹೇಳಿದಾಗ, ‘ಹೊಸ್ತಿಲು ತುಳೀಬಾರದು ಅಂತ ಇವರಿಗೆ ಯಾರೂ ಹೇಳಿಕೊಟ್ಟಿಲ್ಲವೇನೋ?’ ಎಂದು ಕೇಳಿದರು. ಆದರೆ ಈ ಹೊಸ್ತಿಲುಗಳ ಹಿಂದೆ ದೊಡ್ಡ ಶೋಕವಿದೆ. 1971ರಲ್ಲಿ ಈ ಪುಟ್ಟ ದೇಶದಲ್ಲಿ ರಸ್ತೆ ಅಪಘಾತಗಳಿಗೆ ಬಲಿಯಾದವರು ಸುಮಾರು 3,300 ಮಂದಿ. ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. ‘ಮಕ್ಕಳ ಕೊಲೆ ನಿಲ್ಲಿಸಿ’ ಎಂಬ ಘೋಷಣೆಯೊಡನೆ ತಾಯಂದಿರೂ ತಂದೆಯರೂ ಬೀದಿಗಿಳಿದರು. ಡೆಲ್ಫ್ಟ್ ಪಟ್ಟಣ ಅದಾಗಲೇ ಕೆಲವು ಬೀದಿಗಳನ್ನು ಕಾರಿನ ವೇಗ ತಾನಾಗಿಯೇ ತಗ್ಗುವಂತೆ ಮಾರ್ಪಡಿಸುತ್ತಿತ್ತು. ‘ವೋನೆರ್ಫ್’, ಅಂದರೆ ವಾಸದ ಅಂಗಳ, ಎಂಬ ಆ ಕಲ್ಪನೆಗೆ 1976ರಲ್ಲಿ ಕಾನೂನಿನ ಮಾನ್ಯತೆ ದೊರೆಯಿತು. 2023ರ ಡಿಸೆಂಬರ್ 8ರಿಂದ ಆಮ್‌ಸ್ಟರ್‌ಡ್ಯಾಮಿನ ಬಹುತೇಕ ಬೀದಿಗಳಲ್ಲಿ ವೇಗಮಿತಿ ಗಂಟೆಗೆ 30 ಕಿಲೋಮೀಟರು. ನಮ್ಮೂರಿನಲ್ಲಿ ಯಾರೋ ರಾತ್ರೋರಾತ್ರಿ ಮಣ್ಣು ಸುರಿದು ಮಾಡಿದ ಹಂಪ್ಸಿಗೂ ಇದಕ್ಕೂ ಹೋಲಿಕೆ ಸಲ್ಲದು. ಉತ್ತಮ ಡಚ್ ಉಬ್ಬು ಅಲೆಯಂತೆ ಮೆಲ್ಲನೆ ಏರಿ ಮೆಲ್ಲನೆ ಇಳಿಯುತ್ತದೆ. ನಿಗದಿತ ವೇಗದಲ್ಲಿ, ಆರೋಗ್ಯವಾಗಿರುವ ಕಾರಿನಲ್ಲಿ ಅದು ನೋಯಿಸಬಾರದು. ನೋಯಿಸಿತೆಂದರೆ ದೋಷ ಕಾರಿನಲ್ಲಿದೆ.

ಉಬ್ಬಿನ ಮಾತು ಬಂದದ್ದರಿಂದ ವೃತ್ತಿಯ ಒಂದು ಸ್ವಾರಸ್ಯ ಹೇಳಿ ಮುಂದುವರಿಯುತ್ತೇನೆ. 2012ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಆಸ್ಪತ್ರೆಗೆ ಬರುವ ದಾರಿಯಲ್ಲಿ ರಸ್ತೆ ಉಬ್ಬು ದಾಟಿದಾಗ ಹೊಟ್ಟೆ ನೋವು ಹೆಚ್ಚಾಯಿತೇ ಎಂದು ರೋಗಿಗಳನ್ನು ಕೇಳಿದರು. ಉಬ್ಬು ದಾಟಿ ಬಂದವರ ಪೈಕಿ ಅಪೆಂಡಿಸೈಟಿಸ್ ಖಚಿತವಾದ 34 ಜನರಲ್ಲಿ 33 ಮಂದಿ ಹೌದೆಂದಿದ್ದರು. ಅಂದಿನಿಂದ ನಾನೂ ಈ ಪ್ರಶ್ನೆ ಕೇಳುವುದುಂಟು. ನನ್ನ ಕಾರಿನಲ್ಲಿ ಬಂದಿದ್ದರೆ ಅಪೆಂಡಿಕ್ಸ್ ಇಲ್ಲದವರೂ ಹೌದೆನ್ನುತ್ತಿದ್ದರು.

ನನ್ನ ಕಾರು 2003ರ ವೋಲ್ವೋ ವಿ40. ಹೆಸರು ಸ್ವೀಡನ್ನಿನದಾದರೂ ಹುಟ್ಟಿದ್ದು ಈ ದೇಶದ ಲಿಂಬರ್ಗ್ ಪ್ರಾಂತ್ಯದ ಬೋರ್ನ್ ಎಂಬಲ್ಲಿ, ಒಂದು ಕಾಲಕ್ಕೆ ಡಾಫ್ ಕಾರುಗಳು ತಯಾರಾಗುತ್ತಿದ್ದ ಕಾರ್ಖಾನೆಯಲ್ಲಿ. ಆ ಕಾರ್ಖಾನೆಯಿಂದ ಕೊನೆಯ ಕಾರು ಹೊರಬಂದದ್ದು 2024ರ ಫೆಬ್ರವರಿಯಲ್ಲಿ. ಈಗ ಅಲ್ಲಿ ಕಾರು ತಯಾರಾಗುವುದಿಲ್ಲ. ನಾನು ಇದನ್ನು 2012ರಲ್ಲಿ ಒಬ್ಬ ತರುಣನಿಂದ ಕೊಂಡೆ. ಆತ ಅಂದಕ್ಕೆಂದು 17 ಇಂಚಿನ ಅಲಾಯ್ ಚಕ್ರಗಳನ್ನು ಹಾಕಿಸಿದ್ದ. ನನಗೂ ನೋಡಲು ಚೆನ್ನಾಗಿಯೇ ಕಂಡಿತು. 2021ರಲ್ಲಿ ಹಿಂದಿನ ಒಂದು ಸ್ಪ್ರಿಂಗ್ ತುಂಡಾಯಿತು. ಹಳೆಯ ಕಾರುಗಳಲ್ಲಿ ಇದು ಸಾಮಾನ್ಯ. ಬದಲಿಸಲು ಹೋದ ಅಂಗಡಿಯಲ್ಲಿ, ‘ಹೇಗೂ ಬಿಚ್ಚುತ್ತಿದ್ದೇವೆ, ನಾಲ್ಕಕ್ಕೂ ಸ್ಪೋರ್ಟ್ ಸ್ಪ್ರಿಂಗ್ ಹಾಕಿಸಿ, ಇದು ಅಪ್‌ಗ್ರೇಡ್’ ಎಂದರು. ಹೂಂಗುಟ್ಟಿದೆ. ಕಾರು ಮೂರು ಸೆಂಟಿಮೀಟರು ತಗ್ಗಿತು. ತಿರುವುಗಳಲ್ಲಿ ಗಟ್ಟಿಯಾಗಿ ನಿಲ್ಲುತ್ತಿತ್ತು. ನಲವತ್ತೇಳು ಮುಗಿದವನಿಗೆ ಅದೊಂದು ಹುರುಪು ಕೊಟ್ಟಿತ್ತೆಂದು ಒಪ್ಪಿಕೊಳ್ಳುತ್ತೇನೆ. ಅಮ್ಮನ ಬೆನ್ನು ನೋಯಿಸಿದ್ದು ಆ ಅಪ್‌ಗ್ರೇಡೇ. ನಮ್ಮ ಶಾಸ್ತ್ರದಲ್ಲಿ ಚಿಕಿತ್ಸೆಯಿಂದಲೇ ಬಂದ ಕಾಯಿಲೆಗೆ ಪ್ರತ್ಯೇಕ ಹೆಸರಿದೆ. ನನ್ನ ಕಾರಿಗೆ ಬಂದಿದ್ದದ್ದು ಅದೇ.

ಏಕೆಂದು ವಿವರಿಸುತ್ತೇನೆ. ಕಾರಿನ ಭಾರವನ್ನು ಹೊರುವುದು ಸ್ಪ್ರಿಂಗು. ಸ್ಪ್ರಿಂಗಿನ ಕುಣಿತವನ್ನು ತಡೆದು ಆ ಶಕ್ತಿಯನ್ನು ಶಾಖವಾಗಿ ಮಾರ್ಪಡಿಸುವುದು ಶಾಕ್ ಅಬ್ಸಾರ್ಬರು. ಅದರೊಳಗೆ ಎಣ್ಣೆಯೂ ಸಣ್ಣ ರಂಧ್ರಗಳ ಕವಾಟಗಳೂ ಇರುತ್ತವೆ. ಲೋಹ ಲೋಹಕ್ಕೆ ತಾಗದಂತೆ ನಡುವೆ ರಬ್ಬರಿನ ಬುಷ್‌ಗಳಿರುತ್ತವೆ. ನಮ್ಮ ಕೀಲುಗಳಲ್ಲಿ ಮೃದ್ವಸ್ಥಿ ಇರುವಂತೆ. ಸುಖವಾದ ಕಾರಿನ ಮೈ ಸೆಕೆಂಡಿಗೆ ಒಂದು ಅಥವಾ ಒಂದೂವರೆ ಸಲದ ಲಯದಲ್ಲಿ ಏರಿಳಿಯುತ್ತದೆ. ಅದು ನಡೆಯುವ ಮನುಷ್ಯನ ಲಯಕ್ಕೆ ಹತ್ತಿರವಾದದ್ದರಿಂದ ದೇಹ ಅದನ್ನು ಸಲೀಸಾಗಿ ಸಹಿಸುತ್ತದೆ. ಅದಕ್ಕಿಂತ ಬಹಳ ನಿಧಾನವಾದರೆ ಹಡಗಿನಂತೆ ಓಲಾಡಿ ವಾಂತಿ ಬರುತ್ತದೆ. ಸೆಕೆಂಡಿಗೆ ನಾಲ್ಕರಿಂದ ಆರು ಸಲದ ಅದುರು ಎಲ್ಲಕ್ಕಿಂತ ಕೆಟ್ಟದ್ದು. ಕುಳಿತ ಮನುಷ್ಯನ ಬೆನ್ನೆಲುಬು ಅದೇ ಲಯಕ್ಕೆ ಅನುರಣಿಸುತ್ತದೆ, ಅಂದರೆ ಆಸನದ ಅದುರಿಗಿಂತ ಬೆನ್ನಿನ ಅದುರು ದೊಡ್ಡದಾಗುತ್ತದೆ. ಟ್ರ್ಯಾಕ್ಟರ್, ಫೋರ್ಕ್‌ಲಿಫ್ಟ್ ಚಾಲಕರ ಬೆನ್ನಿನ ರಕ್ಷಣೆಗಾಗಿ ಯೂರೋಪಿಯನ್ ಒಕ್ಕೂಟ 2002ರಲ್ಲಿಯೇ ಕಂಪನದ ಮಿತಿಯನ್ನು ನಿಗದಿಪಡಿಸಿದೆ. ಕಾರಿನಲ್ಲಿ ಕುಳಿತ ಅಜ್ಜಿಯಂದಿರಿಗೆ ಅಂಥ ಕಾನೂನಿಲ್ಲ.

ಕಾರನ್ನು ತಗ್ಗಿಸಿದಾಗ ಚಕ್ರ ಮೇಲೇಳಲು ಇರುವ ಜಾಗ ಕಡಿಮೆಯಾಗುತ್ತದೆ. ಉಬ್ಬು ಬಂದಾಗ ಸ್ಪ್ರಿಂಗು ತನ್ನ ಕೆಲಸ ಮುಗಿಸುವ ಮೊದಲೇ ಕೊನೆಯ ತಡೆ-ರಬ್ಬರಿಗೆ ಬಡಿಯುತ್ತದೆ. ಆ ಬಡಿತವೇ ಅಮ್ಮ ಹೇಳಿದ ‘ಕುಕ್ಕು’. ಇದಕ್ಕೆ ಚಕ್ರದ ಪಾಲೂ ಸೇರಿತ್ತು. 205/45 ಅಳತೆಯ 17 ಇಂಚಿನ ಟೈರಿನಲ್ಲಿ ರಿಮ್ಮಿಗೂ ರಸ್ತೆಗೂ ನಡುವೆ ಇರುವ ರಬ್ಬರ್ ಗೋಡೆಯ ಎತ್ತರ ಕೇವಲ 92 ಮಿಲಿಮೀಟರು. 195/60 ಅಳತೆಯ 15 ಇಂಚಿನ ಟೈರಿನಲ್ಲಿ ಅದು 117 ಮಿಲಿಮೀಟರು. ಚಕ್ರದ ಒಟ್ಟು ವ್ಯಾಸ ಹೆಚ್ಚುಕಡಿಮೆ ಒಂದೇ, ಆದ್ದರಿಂದ ವೇಗಮಾಪಕ ತಪ್ಪು ತೋರಿಸುವುದಿಲ್ಲ. ಗಾಳಿಯ ಮೆತ್ತೆ ಮಾತ್ರ ಎರಡೂವರೆ ಸೆಂಟಿಮೀಟರು ಹೆಚ್ಚು.

ಎಕ್ಸ್-ರೇ ಬಂದ ಮರುದಿನ ಹತ್ತಿರದ ಹಳ್ಳಿಯ ಒಬ್ಬ ಹಿರಿಯ ಮೆಕ್ಯಾನಿಕ್ಕನ ಬಳಿ ಹೋದೆ. ಕೊಟ್ಟಿಗೆಯಂಥ ಗ್ಯಾರೇಜು. ಆತ ಕಾರನ್ನು ಎತ್ತಿ, ಟಾರ್ಚು ಹಿಡಿದು, ಸರಳಿನಿಂದ ಒಂದೊಂದು ಕೀಲನ್ನೂ ಮೀಟಿ ನೋಡಿದ. ನಾನು ಕೈಕಟ್ಟಿ ನಿಂತಿದ್ದೆ, ರೋಗಿಯ ಕಡೆಯವರು ನಿಲ್ಲುವಂತೆ. ಮುಂದಿನ ಎರಡು ಶಾಕ್ ಅಬ್ಸಾರ್ಬರುಗಳು ಎಣ್ಣೆ ಬೆವರಿದ್ದವು. ಮುಂದಿನ ತೋಳುಗಳ ಬುಷ್‌ಗಳು ಬಿರುಕು ಬಿಟ್ಟಿದ್ದವು. ಹಿಂದಿನ ಟೈರುಗಳು ಅಲೆಅಲೆಯಾಗಿ ಸವೆದಿದ್ದವು, ಅಂದರೆ ಚಕ್ರ ರಸ್ತೆಯನ್ನು ಬಿಟ್ಟು ಕುಣಿಯುತ್ತಿತ್ತು. ‘ಇಷ್ಟು ದಿನ ನಿನಗೆ ಗೊತ್ತಾಗಲಿಲ್ಲವೇ?’ ಎಂದು ಆತ ಕೇಳಿದ. ಡಚ್ಚರ ಮಾತು ಹೀಗೆಯೇ, ಸುತ್ತುಬಳಸು ಇಲ್ಲ. ಗೊತ್ತಾಗಿರಲಿಲ್ಲ. ಶಾಕ್ ಅಬ್ಸಾರ್ಬರ್ ಸವೆಯುವುದು ರಕ್ತದೊತ್ತಡ ಏರಿದಂತೆ, ದಿನಕ್ಕೊಂದು ಕೂದಲೆಳೆಯಷ್ಟು. ದಿನವೂ ಓಡಿಸುವವನು ಅದಕ್ಕೆ ಒಗ್ಗಿಕೊಂಡಿರುತ್ತಾನೆ. ವರ್ಷಕ್ಕೊಮ್ಮೆ ಬಂದು ಕೂರುವವರಿಗೆ ಮಾತ್ರ ತಿಳಿಯುತ್ತದೆ. ಅಂಥ ಕಾರು ಬ್ರೇಕ್ ಹಾಕಿದಾಗಲೂ ಹೆಚ್ಚು ದೂರ ಹೋಗಿ ನಿಲ್ಲುತ್ತದೆ. ಆದ್ದರಿಂದ ಇದನ್ನು ಬರಿಯ ಸುಖದ ಪ್ರಶ್ನೆಯೆಂದು ತಳ್ಳಿಹಾಕಲಾಗದು.

ನಾನು ಆತನಿಗೂ ‘ಅಪ್‌ಗ್ರೇಡ್ ಮಾಡಿಕೊಡು’ ಎಂದೇ ಹೇಳಿದೆ. ರಾಟರ್‌ಡ್ಯಾಮಿನ ದಕ್ಷಿಣಕ್ಕಿರುವ ಔಡ್-ಬೇಯರ್‌ಲಾಂಡಿನ ಕೋನಿ ಕಂಪನಿಯ ಬಗ್ಗೆ ಓದಿಕೊಂಡಿದ್ದೆ. 1857ರಲ್ಲಿ ಡೆ ಕೋನಿಂಗ್ ಎಂಬಾತ ಕುದುರೆಗಾಡಿಗಳ ಸಾಮಗ್ರಿ ತಯಾರಿಸಲು ಆರಂಭಿಸಿದ ಸಂಸ್ಥೆ ಅದು. 1930ರ ದಶಕದಲ್ಲಿ ಶಾಕ್ ಅಬ್ಸಾರ್ಬರಿಗೆ ಬಂತು. ಇಂದು ರೈಲುಗಾಡಿಗಳಿಗೂ ಒದಗಿಸುತ್ತದೆ. ಸಣ್ಣ ಅದುರು ಬಂದಾಗ ಕವಾಟ ತಾನಾಗಿ ಸಡಿಲವಾಗಿ, ದೊಡ್ಡ ಓಲಾಟ ಬಂದಾಗ ಬಿಗಿಯಾಗುವ ಅವರ ತಂತ್ರ ನಿಜಕ್ಕೂ ಜಾಣತನದ್ದು. ಇಟ್ಟಿಗೆ ರಸ್ತೆಯಲ್ಲಿ ಮೃದುತ್ವ, ಹೆದ್ದಾರಿಯಲ್ಲಿ ಸ್ಥಿರತೆ, ಎರಡೂ ಬೇಕಾದವರು ತಮ್ಮ ಕಾರಿನ ಮಾದರಿಗೆ ಅಂಥದ್ದು ಲಭ್ಯವಿದ್ದರೆ ಯೋಚಿಸಬಹುದು. ಮೆಕ್ಯಾನಿಕ್ ತಲೆಯಾಡಿಸಿದ. ‘ಮೊದಲು ಇದನ್ನು ಕಾರ್ಖಾನೆಯಿಂದ ಬಂದ ದಿನದ ಸ್ಥಿತಿಗೆ ತರೋಣ. ಅಷ್ಟಾದ ಮೇಲೂ ಸಾಲದೆನಿಸಿದರೆ ಬಾ’ ಎಂದ.

ಹಾಗೆಯೇ ಆಯಿತು. ತಗ್ಗಿಸಿದ ಸ್ಪ್ರಿಂಗುಗಳು ಹೋಗಿ ಮೂಲ ಎತ್ತರದವು ಬಂದವು. ನಾಲ್ಕೂ ಶಾಕ್ ಅಬ್ಸಾರ್ಬರುಗಳು ಹೊಸದಾದವು, ಮುಂದಿನವುಗಳ ತಲೆಯ ರಬ್ಬರ್ ಮೌಂಟ್‌ಗಳ ಸಮೇತ. ಈ ಮೌಂಟ್‌ಗಳನ್ನು ಉಳಿತಾಯವೆಂದು ಬಿಟ್ಟುಬಿಡುವವರು ಬಹಳ. ಒಂದೇ ಕೂಲಿಯಲ್ಲಿ ಮುಗಿಯುವ ಕೆಲಸಕ್ಕೆ ಮುಂದೆ ಎರಡನೆಯ ಸಲ ಕೂಲಿ ತೆರಬೇಕಾಗುತ್ತದೆ. ಮುಂದಿನ ತೋಳುಗಳ ಬುಷ್‌ಗಳನ್ನು ಕಾರು ನೆಲದ ಮೇಲೆ ತನ್ನ ಭಾರದಲ್ಲಿ ನಿಂತಿರುವಾಗಲೇ ಬಿಗಿದ. ಎತ್ತಿ ಹಿಡಿದಾಗ ಬಿಗಿದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದಂತೆ. ಕೊನೆಗೆ ವೀಲ್ ಅಲೈನ್‌ಮೆಂಟ್. ಎಲ್ಲ ಸೇರಿ, ಶೇಕಡಾ 21ರ ತೆರಿಗೆಯೂ ಒಳಗೊಂಡು, 1,340 ಯೂರೋ. ಹಳೆಯ 15 ಇಂಚಿನ ರಿಮ್ಮುಗಳಿಗೂ ಹೊಸ ಟೈರುಗಳಿಗೂ ಇನ್ನೊಂದು 420. ಅಲಾಯ್ ಚಕ್ರಗಳನ್ನು ಮಾರಿದ್ದರಿಂದ ನೂರೈವತ್ತು ಮರಳಿ ಬಂತು.

ರೂಪಾಯಿಗೆ ಪರಿವರ್ತಿಸಿ ನೋಡಿದ ನನ್ನ ಭಾವಮೈದುನ ಬೆಚ್ಚಿದರು. ‘ಕಾರಿನ ಬೆಲೆಯೇ ಅಷ್ಟಿಲ್ಲವಲ್ಲ!’ ಇದು ನನಗೆ ಎಂದೂ ಒಪ್ಪಿಗೆಯಾಗದ ತರ್ಕ. ಮಾರಲು ಹೊರಟವನಿಗೆ ಮಾರುಕಟ್ಟೆ ಬೆಲೆ ಮುಖ್ಯ. ಓಡಿಸುವವನಿಗೆ ಮುಖ್ಯವಾಗುವುದು ಮುಂದಿನ ವರ್ಷ ಓಡಿಸಲು ಎಷ್ಟು ಬೀಳುತ್ತದೆ ಎಂಬುದು. ಇಲ್ಲಿ ಸಾಧಾರಣ ಹೊಸ ಕಾರಿನ ಲೀಸು ತಿಂಗಳಿಗೆ ನಾಲ್ಕೈದು ನೂರು ಯೂರೋ. ನಾಲ್ಕು ತಿಂಗಳ ಲೀಸಿನ ಹಣದಲ್ಲಿ ನನ್ನ ಕಾರಿಗೆ ಹೊಸ ಕಾಲು ಬಂತು.

ಹೊಸ ಕಾರು ಹೇಗಿರಬಹುದೆಂದು ನೋಡದೆ ಇರಲಿಲ್ಲ. ಅಮ್ಮನನ್ನು ಕೂರಿಸಿಕೊಂಡೇ ಎರಡು ಕಾರುಗಳನ್ನು ಪರೀಕ್ಷಾರ್ಥ ಓಡಿಸಿದೆ. ಒಂದು ಎತ್ತರದ ವಿದ್ಯುತ್ ಕಾರು. ಬ್ಯಾಟರಿಯ ತೂಕ ಹೊರಲು ಸ್ಪ್ರಿಂಗು ಬಿಗಿ, ಅಂದಕ್ಕೆ 20 ಇಂಚಿನ ಚಕ್ರ. ಏರಿ ಇಳಿಯಲು ಅಮ್ಮನಿಗೆ ಸುಲಭವಾಯಿತು. ಇಟ್ಟಿಗೆ ರಸ್ತೆಯಲ್ಲಿ ಮಾತ್ರ ಹಲ್ಲು ಕಟಕಟಿಸಿತು. ಇನ್ನೊಂದು ಚಿಕ್ಕ ಕಾರು, 16 ಇಂಚಿನ ಚಕ್ರದ್ದು, ಅದಕ್ಕಿಂತ ಎಷ್ಟೋ ವಾಸಿಯಾಗಿತ್ತು. ಎಲ್ಲ ಹೊಸ ಕಾರುಗಳೂ ಕೆಟ್ಟವೆಂದು ನಾನು ಹೇಳಲಾರೆ. ಹೆಚ್ಚು ಹಣ ಕೊಟ್ಟಷ್ಟೂ ದೊಡ್ಡ ಚಕ್ರ ಬರುತ್ತದೆ, ದೊಡ್ಡ ಚಕ್ರ ಬಂದಷ್ಟೂ ಬೆನ್ನಿಗೆ ಪೆಟ್ಟು ಎಂಬ ವಿಚಿತ್ರ ವ್ಯಾಪಾರ ನಡೆಯುತ್ತಿದೆ ಎಂದಷ್ಟೇ ಹೇಳಬಲ್ಲೆ.

ಇನ್ನು ಅಕ್ಕನ ಮಗನಿಗೆ ಬರೆದದ್ದನ್ನು, ಇಲ್ಲಿಗೆ ಬರಲಿರುವ ಇತರರಿಗೂ ಉಪಯೋಗವಾದೀತೆಂದು ಹೇಳುತ್ತೇನೆ. ವಿದ್ಯಾರ್ಥಿಗೆ ಕಾರು ಬೇಡ, ಸೈಕಲ್ಲು ಸಾಕು. ಕೆಲಸಕ್ಕೆ ಬರುವವರು ನೆನಪಿಡಬೇಕು: ಇಲ್ಲಿ ನೆಲೆಸಿದವರಿಗೆ ಭಾರತದ ಚಾಲನಾ ಪರವಾನಗಿ 185 ದಿನ ಮಾತ್ರ ನಡೆಯುತ್ತದೆ. ಶೇಕಡಾ 30ರ ತೆರಿಗೆ ವಿನಾಯಿತಿ ಪಡೆದ ಉದ್ಯೋಗಿಗಳು ಪರವಾನಗಿಯನ್ನು ಬದಲಾಯಿಸಿಕೊಳ್ಳಬಹುದು. ಉಳಿದವರು ಹೊಸದಾಗಿ ಪರೀಕ್ಷೆ ಬರೆದು, ಓಡಿಸಿ ತೋರಿಸಬೇಕು. ಹಳೆಯ ಪೆಟ್ರೋಲ್ ಕಾರು ಕೊಳ್ಳುವಾಗ ‘ಎಪಿಕೆ’ ಎಂಬ ಕಡ್ಡಾಯ ತಪಾಸಣೆಯ ವರದಿ ನೋಡಿ. ಎಂಟು ವರ್ಷ ದಾಟಿದ ಪೆಟ್ರೋಲ್ ಕಾರಿಗೆ ಅದು ವರ್ಷಕ್ಕೊಮ್ಮೆ ಆಗಲೇಬೇಕು. ಆದರೆ ಅದು ತಪಾಸಣೆಯ ದಿನ ಕಾರು ಸುರಕ್ಷಿತವೆಂದು ಹೇಳುತ್ತದೆಯೇ ಹೊರತು ಸುಖಕರವೆಂದಲ್ಲ. ನನ್ನ ಕಾರೂ ಪ್ರತಿ ವರ್ಷ ತೇರ್ಗಡೆಯಾಗುತ್ತಲೇ ಬಂದಿತ್ತು. ಉಪ್ಪು ಸುರಿಯುವ ಚಳಿಗಾಲದ ದೇಶವಾದ್ದರಿಂದ ಅಡಿಭಾಗದ ತುಕ್ಕು ನೋಡದೆ ಶಾಕ್ ಅಬ್ಸಾರ್ಬರಿಗೆ ಹಣ ಹಾಕಬೇಡಿ. ಅದನ್ನು ಬಿಗಿಯುವ ತಗಡೇ ಕೊಳೆತಿದ್ದರೆ ಎಲ್ಲವೂ ವ್ಯರ್ಥ. ಟೈರಿನ ಗಾಳಿಯನ್ನು ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಬರೆದಷ್ಟೇ ಇಡಿ, ಹೆಚ್ಚೂ ಬೇಡ, ಕಡಿಮೆಯೂ ಬೇಡ. ಕಾಸಿಲ್ಲದ ಚಿಕಿತ್ಸೆ ಇದೊಂದೇ. ತಂದೆತಾಯಿ ಬಂದಾಗ ಗೌರವಕ್ಕೆಂದು ಹಿಂದಿನ ಸೀಟಿನಲ್ಲಿ ಕೂರಿಸುವ ಪದ್ಧತಿ ನಮ್ಮಲ್ಲಿ ಕೆಲವರಿಗಿದೆ. ಹಿಂದಿನ ಸೀಟು ಹಿಂಚಕ್ರಗಳ ಹತ್ತಿರವಿರುವುದರಿಂದ ಪೆಟ್ಟು ಅಲ್ಲಿಯೇ ಹೆಚ್ಚು. ಬೆನ್ನು ಸರಿಯಿಲ್ಲದವರನ್ನು ಮುಂದೆ ಕೂರಿಸಿ.

ಗ್ಯಾರೇಜಿನಿಂದ ಕಾರು ಬಂದ ಸಂಜೆ ಅಮ್ಮನನ್ನು ಕರೆದುಕೊಂಡು ಒಂಬತ್ತು ಹೊಸ್ತಿಲು ದಾಟಿ, ಅಣೆಕಟ್ಟಿನ ಮೇಲಿನ ರಸ್ತೆಯಲ್ಲಿ ಹೊಲಗಳತ್ತ ಹೋದೆ. ಅವರು ಮೊದಲಿಗೆ ಅಭ್ಯಾಸಬಲದಿಂದ ಹಿಡಿಯನ್ನು ಹಿಡಿದರು. ಸ್ವಲ್ಪ ದೂರ ಹೋದ ಮೇಲೆ ಕೈ ಬಿಟ್ಟು ಮಡಿಲಲ್ಲಿಟ್ಟುಕೊಂಡರು. ಕಾರಿನ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. ಅಕ್ಕನ ಮಗನ ಮದುವೆಯ ವಿಷಯ ತೆಗೆದರು. ಆಗಸ್ಟಿನಲ್ಲಿ ಊರಿಗೆ ಮರಳುವವರೆಗೆ ಬೆನ್ನು ನೋವು ಮತ್ತೆ ಬರಲಿಲ್ಲ. ಅದಕ್ಕೆ ಕಾರಿನ ಪಾಲೆಷ್ಟು, ಔಷಧದ ಪಾಲೆಷ್ಟು, ದಿನವೂ ನಾಲೆಯ ದಂಡೆಯಲ್ಲಿ ನಡೆದದ್ದರ ಪಾಲೆಷ್ಟು ಎಂದು ವಿಂಗಡಿಸಲು ನಾನು ಹೋಗುವುದಿಲ್ಲ.

ಈ ನವೆಂಬರಿನಲ್ಲಿ ಮತ್ತೆ ತಪಾಸಣೆ ಇದೆ. ಎಡಬದಿಯ ಬಾಗಿಲ ಕೆಳಗೆ ಅಂಗೈಯಗಲ ತುಕ್ಕು ಕಾಣಿಸಿದೆ. ಬೆಸುಗೆ ಹಾಕಬಹುದು ಎನ್ನುತ್ತಾನೆ ಮೆಕ್ಯಾನಿಕ್. ಒಳಗೆ ಎಷ್ಟು ಹಬ್ಬಿದೆಯೆಂದು ಕತ್ತರಿಸಿ ನೋಡಿದ ಮೇಲೆ ಹೇಳುತ್ತಾನಂತೆ. ಅಮ್ಮ ಮುಂದಿನ ಏಪ್ರಿಲ್‌ಗೆ ಟಿಕೆಟ್ ಮಾಡಿಸಲು ಹೇಳಿದ್ದಾರೆ.